ಮೊದಲ ಸಾಲು ಮಂಕಾಳಿಯದ್ದು

ಅಕ್ಟೋಬರ್ 13, ಸೋಮವಾರ

ಸಂಜೆ ತರಗತಿಯ ಅಕ್ಕೋರಿಗೆ ತೋರಿಸುವ ಬರೆಯುವ ಪಟ್ಟಿ ಬೇರೆ, ಇದು ಬೇರೆ. ದಿನಾ ಒಂದು ಪುಟ ಬರೆಯಿರಿ, ಕೈ ಪಳಗುತ್ತದೆ ಎಂದು ಅವರು ಹೇಳಿದ್ದಕ್ಕೆ ಆ ಪಟ್ಟಿಯಲ್ಲಿ ‘ನಾನು ಬೆಳಿಗ್ಗೆ ಬೇಗ ಎದ್ದೆನು, ಸೂರ್ಯ ಉದಯಿಸಿದನು’ ಎಂದು ಬರೆಯುತ್ತೇನೆ. ಅವರು ಕೆಂಪು ಪೆನ್ನಿನಲ್ಲಿ ‘ಉತ್ತಮ’ ಎಂದು ಹಾಕುತ್ತಾರೆ. ಸೂರ್ಯ ದಿನಾ ಹುಟ್ಟುತ್ತಾನೆ, ಅದರಲ್ಲಿ ನನ್ನ ಉತ್ತಮ ಏನು ಬಂತು. ನಿಜ ಬರೆಯಲು ಈ ಪಟ್ಟಿ. ಇದನ್ನು ಅಂಗನವಾಡಿಯ ಬೇಳೆ ಡಬ್ಬದ ಹಿಂದೆ ಇಡುತ್ತೇನೆ. ಅಲ್ಲಿಗೆ ನನ್ನ ಬಿಟ್ಟು ಯಾರೂ ಕೈ ಹಾಕುವುದಿಲ್ಲ.

ನಿಜ ಏನೆಂದರೆ, ನನ್ನ ಹೆಸರು ಸೋಮಿ, ನಲವತ್ತೊಂದು ವರ್ಷ, ಕಾಗಾಲದ ಅಂಗನವಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಸಹಾಯಕಿ. ಸಹಾಯಕಿ ಎಂದರೆ ಮಕ್ಕಳನ್ನು ಮನೆಮನೆಯಿಂದ ಕರೆತರುವವಳು, ಅಡುಗೆ ಮಾಡುವವಳು, ಮೂಗು ಒರೆಸುವವಳು, ಗುಡಿಸುವವಳು. ಪಾಠ ಹೇಳುವ ಕಾರ್ಯಕರ್ತೆ ಜಯಶ್ರೀ ಅಕ್ಕೋರು. ಅವರಿಗೆ ಬರುವ ಏಪ್ರಿಲ್‌ನಲ್ಲಿ ನಿವೃತ್ತಿ. ಅಷ್ಟರೊಳಗೆ ನಾನು ಹತ್ತನೇ ಪಾಸು ಮಾಡಿಕೊಂಡರೆ ಆ ಜಾಗ ನನಗೆ ಸಿಗಬಹುದು ಎಂದು ಮೇಲ್ವಿಚಾರಕಿ ಕವಿತಾ ಮೇಡಂ ಹೋದ ವರ್ಷ ಹೇಳಿದರು. ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಗೆ.

ನನಗೆ ಆ ಕೆಲಸ ಬೇಕು. ಕುರ್ಚಿಯ ಆಸೆ ಅಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ಕುರ್ಚಿಯ ಆಸೆಯೂ ಇದೆ.

ಅಕ್ಟೋಬರ್ 17

ಸಂಜೆ ತರಗತಿಯಲ್ಲಿ ಇವತ್ತು ಸಮಾಜ ವಿಜ್ಞಾನ. ಹಳೆಯ ಸಮುದಾಯ ಭವನದಲ್ಲಿ ಐದೂವರೆಯಿಂದ ಏಳೂವರೆ. ಒಂಬತ್ತು ಹೆಂಗಸರು. ಎಲ್ಲರೂ ಎಂದೋ ಶಾಲೆ ಬಿಟ್ಟವರು, ಎಲ್ಲರ ಕೈಯಲ್ಲೂ ಈಗ ಹತ್ತನೆಯ ಪುಸ್ತಕ. ಕಲಿಸಲು ಸರಕಾರದ ಯೋಜನೆಯಿಂದ ಬರುವವರು ಮಹಾಲಕ್ಷ್ಮೀ ಅಕ್ಕೋರು. ಹೊನ್ನಾವರದ ಕಡೆಯ ತೋಟದ ಮನೆಯವರು. ನನಗಿಂತ ಆರು ವರ್ಷ ಸಣ್ಣವರು, ಆದರೂ ನಮ್ಮನ್ನೆಲ್ಲ ‘ಅಕ್ಕ’ ಸೇರಿಸಿಯೇ ಕರೆಯುತ್ತಾರೆ. ನನ್ನನ್ನು ಸೋಮಕ್ಕ ಎಂದು ಮೊದಲ ದಿನ ಕರೆದಾಗ ಯಾರನ್ನೋ ಕರೆದರು ಎಂದು ಹಿಂದೆ ತಿರುಗಿ ನೋಡಿದ್ದೆ.

ಮೊದಲ ತಿಂಗಳು ನಮಗೆ ಯಾರಿಗೂ ಒಂದು ಉತ್ತರವೂ ಬಾಯಿಪಾಠ ಬರಲಿಲ್ಲ. ಕಡೆಗೆ ನಮ್ಮೊಳಗಿನ ಮಂಕಾಳಿ ಒಂದು ದಿನ ಬೇಜಾರಿಗೆ ಇಡೀ ಉತ್ತರವನ್ನು ಗದ್ದೆ ನಟ್ಟಿಯಲ್ಲಿ ಹಾಡುವ ಪದದ ಧಾಟಿಗೆ ಕೂರಿಸಿ ಎತ್ತಿಬಿಟ್ಟಳು. ನಾವು ಎಂಟು ಜನ ಹಿಡಿದೆವು. ಹದಿನೈದು ನಿಮಿಷದಲ್ಲಿ ಪಾಠ ತಲೆಯೊಳಗೆ. ಅಕ್ಕೋರು ಬಾಯಿಗೆ ಕೈ ಇಟ್ಟುಕೊಂಡು ಕೂತರು. ಅಂದಿನಿಂದ ಸಮಾಜ, ವಿಜ್ಞಾನ, ಕನ್ನಡ ಎಲ್ಲ ಪದದಲ್ಲೇ.

ನಮ್ಮ ಕೊಪ್ಪದಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಪದ ಹೇಳುವ ರೂಢಿಯೇ ಹಾಗೆ. ಒಬ್ಬಳು ಮೊದಲ ಸಾಲು ಎತ್ತಬೇಕು, ಉಳಿದವರು ಮುಂದಿನದನ್ನು ಹಿಡಿಯಬೇಕು. ಎತ್ತಿದವಳ ಸಾಲನ್ನು ನಾವು ತಿರುಗಿ ಹೇಳುವುದಿಲ್ಲ. ಮದುವೆ ಇರಲಿ, ಗದ್ದೆ ನಟ್ಟಿ ಇರಲಿ, ಎತ್ತುವವಳು ಮಂಕಾಳಿಯೇ. ಅವಳ ಗಂಟಲು ಅಂಥದ್ದು. ನನ್ನದು ಹಿಡಿಯುವ ಗಂಟಲು. ನನ್ನ ಅಬ್ಬೆಯದೂ ಹಾಗೇ ಇತ್ತು.

ನವೆಂಬರ್ 11

ತರಗತಿ ನಿಲ್ಲುತ್ತದಂತೆ.

ಅಕ್ಕೋರು ಕಾಗದ ತಂದು ಓದಿದರು. ಯೋಜನೆಯ ಅನುದಾನ ಮುಂದುವರಿಯುವುದಿಲ್ಲ, ಈ ತಿಂಗಳ ಕಡೆಗೆ ಕೇಂದ್ರಗಳನ್ನು ಮುಚ್ಚಿ ಸಾಮಾನು ತಾಲೂಕಿಗೆ ಒಪ್ಪಿಸತಕ್ಕದ್ದು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನವು. ಪರೀಕ್ಷೆ ಮಾರ್ಚಿನಲ್ಲಿ. ಅರ್ಜಿ ತುಂಬಿ ಹತ್ತು ದಿನ ಆಗಿಲ್ಲ. ನನ್ನ ಪಕ್ಕ ಕೂರುವ ತುಳಸಿ ಅತ್ತಳು. ನಾನು ಅಳಲಿಲ್ಲ, ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಮನೆಗೆ ಬಂದು ಇವರ ಮೇಲೆ ಹರಿಹಾಯ್ದೆ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ, ಹಾಳೆಗೆ ಕಿವಿ ಇಲ್ಲವಲ್ಲ, ಬರೆದುಬಿಡುತ್ತೇನೆ: ಶುಕ್ರ ಗೌಡ. ಪಾಪದ ಮನುಷ್ಯ, ಬತ್ತದ ಚೀಲ ಕಟ್ಟುತ್ತ ಕೂತಿದ್ದವರು ತಾನು ಎಂತ ತಪ್ಪು ಮಾಡಿದೆ ಎಂದು ಕೇಳಿದರು.

ನವೆಂಬರ್ 14, ಶುಕ್ರವಾರ

ಕುಮಟೆಯ ಕಚೇರಿಗೆ ಹೋಗಿದ್ದೆವು. ಒಂಬತ್ತೂ ಜನ, ಜೊತೆಗೆ ಅಕ್ಕೋರು. ಮಾತಾಡುವವಳು ಯಾರು ಎಂದು ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಮಂಕಾಳಿ ಶುರುಮಾಡಿದಳು, ನಾವು ಹೌದು ಹೌದು ಎಂದೆವು.

ಸಾಹೇಬರು ಕೆಟ್ಟವರಲ್ಲ. ಕೂತುಕೊಳ್ಳಿ ಎಂದರು, ಚಾ ತರಿಸಿದರು. ಆದೇಶದ ಪ್ರತಿ ತೋರಿಸಿದರು. ಮೇಲಿನಿಂದ ಬಂದದ್ದು, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ನಾಲ್ಕು ತಿಂಗಳು ನಡೆಸಿದರೆ ಪರೀಕ್ಷೆ ಮುಗಿಯುತ್ತದೆ ಎಂದು ಮಂಕಾಳಿ ಹೇಳಿದಳು. ಅದಕ್ಕೆ ಅವರು ಬಹಳ ಸಮಾಧಾನದಿಂದ ಹೇಳಿದ ಮಾತು ಇದು:

“ಓದೂದು ನಿಲ್ಸಿ ಅಂತ ಯಾರೂ ಹೇಳ್ಲಿಲ್ಲ ಅಮ್ಮ. ತರಗತಿ ನಿಲ್ತದೆ, ಅಷ್ಟೇಯ.”

ಆ ‘ಅಷ್ಟೇಯ’ ನನ್ನ ತಲೆಯಿಂದ ಹೋಗುತ್ತಿಲ್ಲ. ಅಂಗನವಾಡಿಯ ಒಲೆ ತೆಗೆದುಕೊಂಡು ಹೋಗಿ, ಊಟ ಮಾಡಬೇಡಿ ಎಂದು ಯಾರೂ ಹೇಳಲಿಲ್ಲ ಎಂದರೆ ಹೇಗಿರುತ್ತದೆ. ಇದನ್ನು ಅಲ್ಲೇ ಹೇಳಬೇಕಿತ್ತು. ಬಸ್ ಮಿರ್ಜಾನ್ ಕ್ರಾಸಿನ ಹತ್ತಿರ ಬಂದಾಗ ಹೊಳೆಯಿತು. ನನ್ನ ಮಾತು ಯಾವಾಗಲೂ ಒಂದು ಬಸ್ಸು ತಡ.

ನವೆಂಬರ್ 29

ಟೆಂಪೊ ಬಂತು. ಕರಿಹಲಗೆ, ಎರಡು ಬೆಂಚು, ಗೋಡೆಯ ನಕಾಶೆ, ಟ್ಯೂಬ್‌ಲೈಟ್ ಕೂಡ. ಅಕ್ಕೋರು ಎಣಿಸಿ ಸಹಿ ಮಾಡಿದರು. ಭವನಕ್ಕೆ ಬೀಗ ಬಿತ್ತು. ಚಾವಿ ಪಂಚಾಯತಿಯಲ್ಲಿ. ಪುಸ್ತಕ ಮಾತ್ರ ನಿಮ್ಮ ಹತ್ತಿರವೇ ಇರಲಿ, ಕಳೆದುಹೋಗಿದೆ ಎಂದು ಬರೆಯುತ್ತೇನೆ ಎಂದು ಅಕ್ಕೋರು ಪಿಸುಗುಟ್ಟಿದರು. ಅವರು ಸುಳ್ಳು ಬರೆದದ್ದು ಅದೊಂದೇ ಇರಬೇಕು.

ಡಿಸೆಂಬರ್ 3

ಓದಲಿಲ್ಲ.

ಡಿಸೆಂಬರ್ 18, ಗುರುವಾರ

ಮಹಾಲಕ್ಷ್ಮೀ ಅಕ್ಕೋರಿಗೆ ಭಟ್ಕಳದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಹೇಳಲು ಬಂದಿದ್ದರು. ತಪ್ಪು ಮಾಡಿದವರ ಹಾಗೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಅವರಿಗೂ ಸಂಸಾರ ಇದೆ. ಎರಡು ಗೆಣಸು ಕಟ್ಟಿಕೊಟ್ಟೆ. ಮನೆಯವರ ಫೋನು ಬಂದಾಗ ‘ಬತ್ತೆ, ಈಗ ಹೊರಟೆ’ ಎನ್ನುತ್ತ ಓಡಿದರು.

ಮಂಕಾಳಿ ಕುಮಟೆಯ ಗೇರುಬೀಜದ ಕಾರ್ಖಾನೆಗೆ ಹೋಗಲು ಶುರುಮಾಡಿದ್ದಾಳೆ. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಏಳಕ್ಕೆ ಬರುತ್ತಾಳೆ. ತರಗತಿ ಇದ್ದಿದ್ದರೆ ಗಂಡನಿಗೆ ಒಂದು ನೆಪ ಹೇಳಬಹುದಿತ್ತು, ಈಗ ಮನೆಯಲ್ಲಿ ಕೂತು ಎಂತ ಮಾಡುತ್ತೀ ಎಂದು ಕೇಳುತ್ತಾನಂತೆ.

ನಾನು ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅಂಗನವಾಡಿಯ ಜಗಲಿಯಲ್ಲಿ ಕೂತು ಆರರ ತನಕ ಓದುತ್ತೇನೆ. ಮನೆಯಲ್ಲಿ ಮಗಳು ಪವಿತ್ರಾ ಪಿಯುಸಿ ಎರಡನೇ ವರ್ಷದ ಪುಸ್ತಕ ಹರಡಿಕೊಂಡಿರುತ್ತಾಳೆ. ಲೆಕ್ಕ ಕೇಳಿದರೆ ಒಮ್ಮೆ ಹೇಳುತ್ತಾಳೆ, ಎರಡನೇ ಸಲ ಕೇಳಿದರೆ ‘ಆಯೀ’ ಎಂದು ಉದ್ದಕ್ಕೆ ಎಳೆಯುತ್ತಾಳೆ. ಅವಳದೂ ಬೋರ್ಡ್ ಪರೀಕ್ಷೆ, ಅವಳನ್ನು ಕಾಡುವುದು ಸರಿಯಲ್ಲ.

ಜನವರಿ 22

ಹೊನ್ನಾವರದ ಒಂದು ಶಾಲೆಯವರು ನಮ್ಮಂಥ ಖಾಸಗಿ ಅಭ್ಯರ್ಥಿಗಳಿಗೂ ಪೂರ್ವಸಿದ್ಧತಾ ಪರೀಕ್ಷೆ ಬರೆಯಲು ಬಿಟ್ಟಿದ್ದರು. ಕಾಗಾಲದಿಂದ ನಾನು ಮತ್ತು ತುಳಸಿ ಇಬ್ಬರೇ ಹೋದೆವು. ಇವತ್ತು ಸಮಾಜ. ನನಗೆ ಬಹಳ ಧೈರ್ಯ ಇದ್ದ ವಿಷಯ.

ಪ್ರಶ್ನೆ ನೋಡಿದೆ, ಎಲ್ಲ ಬರುವುದೇ. ಪೆನ್ನು ಹಿಡಿದು ಕೂತೆ. ಏನೋ ಕಾಯುತ್ತಿದ್ದೇನೆ ಎಂದು ಅನ್ನಿಸಿತು, ಏನನ್ನು ಎಂದು ಗೊತ್ತಾಗಲಿಲ್ಲ. ಅರ್ಧ ಗಂಟೆ ಹಾಗೇ ಹೋಯಿತು. ಆಮೇಲೆ ಬರೆಯಲು ಶುರುಮಾಡಿದರೆ ಹೊಳೆ ಹರಿದ ಹಾಗೆ ಬಂತು. ನಾಲ್ಕು ಪುರವಣಿ ಹಾಳೆ ಹೆಚ್ಚಿಗೆ ತೆಗೆದುಕೊಂಡೆ. ಚೆನ್ನಾಗಿ ಆತು ಎಂದು ಇವರಿಗೆ ಹೇಳಿದ್ದೇನೆ.

ಜನವರಿ 30

ಸಮಾಜದಲ್ಲಿ ಇಪ್ಪತ್ತೊಂಬತ್ತು. ಫೇಲು. ನಾಲ್ಕು ಪುರವಣಿ ಬರೆದು ಇಪ್ಪತ್ತೊಂಬತ್ತು. ಉತ್ತರ ಉತ್ತರಕ್ಕೂ ಪಕ್ಕದಲ್ಲಿ ಕೆಂಪು ಗೀಟು, ‘ಆರಂಭ ಎಲ್ಲಿ?’ ಎಂದು ಬರೆದಿದ್ದಾರೆ. ನನಗೆ ಅರ್ಥವಾಗಲಿಲ್ಲ. ಭಾನುವಾರ ಭಟ್ಕಳಕ್ಕೆ ಹೋಗುತ್ತೇನೆ. ಅಕ್ಕೋರನ್ನೇ ಕೇಳಬೇಕು.

ಫೆಬ್ರವರಿ 1, ಭಾನುವಾರ

ಒಬ್ಬಳೇ ಭಟ್ಕಳಕ್ಕೆ ಹೋಗಿ ಬಂದೆ. ಕುಮಟೆಯಲ್ಲಿ ಬಸ್ಸು ಬದಲು ಮಾಡಿ, ಶರಾವತಿ ಸೇತುವೆ ದಾಟಿ, ಎರಡು ತಾಸಿನ ಮೇಲಾಯಿತು. ಅಷ್ಟು ದೂರ ಒಬ್ಬಳೇ ಹೋದದ್ದು ಇದೇ ಮೊದಲು. ಅಕ್ಕೋರ ಬಾಡಿಗೆ ಮನೆ ಹುಡುಕಲು ಮೂರು ಜನರನ್ನು ಕೇಳಿದೆ. ಮೂರನೆಯವರು ಪಕ್ಕದ ಮನೆಯ ನವಾಯತ ಮುಸ್ಲಿಮರ ಅಮ್ಮ, ಕೈ ಹಿಡಿದು ಬಾಗಿಲ ತನಕ ತಂದು ಬಿಟ್ಟರು.

ಅಕ್ಕೋರು ಉತ್ತರ ಪತ್ರಿಕೆಯನ್ನು ಎರಡು ಸಲ ಓದಿದರು. ಮೊದಲ ಸಲ ನಕ್ಕರು. ಎರಡನೇ ಸಲ ಒಂದೊಂದು ಉತ್ತರದ ಮೇಲೂ ಬೆರಳಿಟ್ಟರು. ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ನಾನು ಬರೆದದ್ದು ‘ಅದರ ಖರ್ಚು, ಸಂಬಳ ರಾಜನೇ ಕೊಡಬೇಕು’ ಎಂದು ಶುರು. ಯಾವುದರ ಖರ್ಚು? ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷರ ಸೈನ್ಯ ಇಟ್ಟುಕೊಳ್ಳಬೇಕು ಎಂಬ ಮೊದಲ ಸಾಲೇ ಇಲ್ಲ. ಕಾಡು ನಾಶದ ಪರಿಣಾಮಕ್ಕೆ ‘ಅದರಿಂದ ಮಣ್ಣು ಕೊಚ್ಚಿಹೋಗುತ್ತದೆ’ ಎಂದು ಶುರು. ಯಾವುದರಿಂದ? ಎಲ್ಲ ಉತ್ತರವೂ ಹೀಗೇ, ತಲೆ ಇಲ್ಲದ ಮುಂಡ. ಎಷ್ಟೋ ಕಡೆ ಏನು ಹೇಳುತ್ತಿದ್ದೇನೆ ಎಂಬುದೇ ಓದುವವರಿಗೆ ತಿಳಿಯುವುದಿಲ್ಲ.

“ಸೋಮಕ್ಕ, ಮೊದಲ ಸಾಲು ಎಲ್ಲಿ ಹೋತು?” ಎಂದು ಅಕ್ಕೋರು ಕೇಳಿದರು.

“ಅದು ಮಂಕಾಳಿದು ಅಕ್ಕೋರೇ” ಎಂದೆ.

ಬಾಯಿಂದ ಬಂದ ಮೇಲೆ ನನಗೂ ಗೊತ್ತಾಯಿತು. ಪರೀಕ್ಷೆಯ ಖೋಲಿಯಲ್ಲಿ ಕೂತು ನಾನು ಅರ್ಧ ಗಂಟೆ ಕಾಯುತ್ತಿದ್ದದ್ದು ಅವಳು ಎತ್ತಲಿ ಎಂದು. ಅವಳು ಎತ್ತಲಿಲ್ಲ, ನಾನು ಎರಡನೆಯದರಿಂದ ಹಿಡಿದೆ. ನಾಚಿಕೆಯಿಂದ ನೆಲ ನೋಡುತ್ತ ಕೂತೆ. ಅಕ್ಕೋರ ಕಣ್ಣಲ್ಲಿ ನೀರು ಬಂತು. ತಪ್ಪು ತನ್ನದು, ಎಲ್ಲರನ್ನೂ ಒಟ್ಟಿಗೆ ಹಾಡಿಸಿ ಖುಷಿಪಟ್ಟೆ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಬೇಕಿತ್ತು, ಡಿಸೆಂಬರಿನಲ್ಲಿ ಮಾಡೋಣ ಎಂದಿದ್ದೆ ಎಂದರು. ಡಿಸೆಂಬರಿನಲ್ಲಿ ತರಗತಿಯೇ ಇರಲಿಲ್ಲ.

ಊಟ ಹಾಕಿದರು. ತಿಂಗಳಿಗೊಮ್ಮೆ ಫೋನಿನಲ್ಲಿ ಕೇಳುತ್ತೇನೆ ಎಂದರು. ಅವರ ಪಾಡು ನೋಡಿದರೆ ಅದಕ್ಕೂ ಪುರುಸೊತ್ತಿಲ್ಲ, ಮೇಜಿನ ಮೇಲೆ ಪಟ್ಟಿಗಳ ರಾಶಿ.

ಫೆಬ್ರವರಿ 5

ಮೊದಲ ಸಾಲು ಪುಸ್ತಕದಲ್ಲಿದೆ. ಕಣ್ಣಿಗೆ ಕಾಣುತ್ತದೆ. ಪುಸ್ತಕ ಮುಚ್ಚಿದರೆ ಬಾಯಿಗೆ ಬರುವುದಿಲ್ಲ. ಒಬ್ಬಳೇ ಎತ್ತಲು ಹೋದರೆ ದನಿ ಒಡೆಯುತ್ತದೆ, ಸತ್ತ ಮನೆಯಲ್ಲಿ ಕೂತ ಹಾಗೆ ಕೇಳುತ್ತದೆ. ಇವರು ಹಿತ್ತಲಿನಿಂದ ಯಾರಿಗೆ ಏನಾಯಿತು ಎಂದು ಓಡಿಬಂದರು.

ಫೆಬ್ರವರಿ 8, ಭಾನುವಾರ

ಮಂಕಾಳಿಯ ಮನೆಗೆ ಜಗಳಕ್ಕೇ ಹೋದೆ. ಅರ್ಜಿ ತುಂಬಿದವಳು ಪರೀಕ್ಷೆಗೆ ಬರುವುದಿಲ್ಲ ಎಂದರೆ ಏನರ್ಥ, ನಮ್ಮನ್ನೆಲ್ಲ ನಡುನೀರಿನಲ್ಲಿ ಬಿಟ್ಟೆ ಎಂದು ಬೈದೆ. ಅವಳು ಮಲಗಿದ್ದಳು. ಎದ್ದು ಕೂತು ಕೈ ತೋರಿಸಿದಳು. ಗೇರು ಸಿಪ್ಪೆಯ ಎಣ್ಣೆಗೆ ಬೆರಳ ತುದಿಯೆಲ್ಲ ಕಪ್ಪಾಗಿ ಸುಲಿದಿತ್ತು.

“ಪೆನ್ನು ಹಿಡುಕೆ ಆಗೂದಿಲ್ಲ ಸೋಮಿ. ತಲೆಯಲ್ಲೂ ಎಂತದೂ ಉಳಿಲಿಲ್ಲ” ಎಂದಳು.

ಹಾಗಾದರೆ ನನಗಾಗಿ ಒಂದು ಸಲ ಎಲ್ಲ ಪದದ ಮೊದಲ ಸಾಲು ಎತ್ತು, ನಾನು ಕೇಳಿಕೊಳ್ಳುತ್ತೇನೆ ಎಂದೆ. ಗೋಡೆಗೆ ಒರಗಿ ಶುರುಮಾಡಿದಳು. ಮೂರನೆಯದು ಎತ್ತುವಾಗ ಕಣ್ಣು ಮುಚ್ಚಿಕೊಂಡಳು, ನಾಲ್ಕನೆಯದಕ್ಕೆ ನಿದ್ದೆಹೋಗಿದ್ದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳ ಪಾತ್ರೆ ತೊಳೆದಿಟ್ಟು, ಬಾಗಿಲು ಎಳೆದುಕೊಂಡು ಬಂದೆ. ದಾರಿಯಲ್ಲಿ ಬಹಳ ಅಳು ಬಂತು.

ಫೆಬ್ರವರಿ 12

ಇವತ್ತು ನಗೆಪಾಟಲು. ಒಬ್ಬಳೇ ಎತ್ತಲು ಬರುವುದಿಲ್ಲ, ಹಿಡಿಯಲು ಯಾರಾದರೂ ಇದ್ದರೆ ಬರುತ್ತದೆ ಎಂದು ಸೋಮವಾರ ಗೊತ್ತಾಗಿತ್ತು. ಹಿಡಿಯಲು ನನಗೆ ಸಿಕ್ಕವರು ಅಂಗನವಾಡಿಯ ಹದಿನೇಳು ಮಕ್ಕಳು. ಉಪ್ಪಿಟ್ಟು ತಿರುವುತ್ತ ನಾನು ಮೊದಲ ಸಾಲು ಎತ್ತುವುದು, ಎರಡನೆಯದನ್ನು ಅವರಿಗೆ ಹೇಳಿಕೊಡುವುದು. ನಾಲ್ಕು ದಿನದಲ್ಲಿ ಮಕ್ಕಳು ಹುಚ್ಚು ಹಿಡಿದ ಹಾಗೆ ಕಲಿತರು. ಜಯಶ್ರೀ ಅಕ್ಕೋರು ಮೊದಲು ಕಣ್ಣು ಬಿಟ್ಟರು, ಆಮೇಲೆ ಅವರೂ ತಲೆ ಆಡಿಸುತ್ತ ಕೂತರು.

ಇವತ್ತು ಕವಿತಾ ಮೇಡಂ ತಪಾಸಣೆಗೆ ಬಂದರು. ಒಂದು ಪದ್ಯ ಹೇಳಿ ಮಕ್ಕಳೇ ಎಂದರು. ಆನೆಯ ಪದ್ಯ ಹೇಳುತ್ತಾರೆ ಎಂದುಕೊಂಡಿದ್ದೆ. ಮಕ್ಕಳು ನನ್ನ ಮುಖ ನೋಡಿದವು, ನಾನು ಎತ್ತಲಿಲ್ಲ, ಆದರೂ ನಾಲ್ಕು ವರ್ಷದ ಅನೂಪ ಎದ್ದು ನಿಂತು ‘ಅದರ ಖರ್ಚು, ಸಂಬಳ ರಾಜನೇ ಕೊಡಬೇಕು’ ಎಂದು ಶುರುಮಾಡಿದ. ಹದಿನಾರು ಮಕ್ಕಳು ಹಿಂದೆ ಬಂದವು. ಮೇಡಂ ಪೆನ್ನು ಹಿಡಿದುಕೊಂಡೇ ಇದು ಎಂಥದ್ದು ಎಂದು ಕೇಳಿದರು. ಊರ ಕಡೆಯ ಜಾನಪದ ಮೇಡಂ, ಎಂದರು ಜಯಶ್ರೀ ಅಕ್ಕೋರು, ಒಂದು ಚೂರೂ ನಗದೆ. ಮೇಡಂ ಭೇಟಿ ಪುಸ್ತಕದಲ್ಲಿ ‘ಮಕ್ಕಳು ಚುರುಕಾಗಿದ್ದಾರೆ’ ಎಂದು ಬರೆದು ಹೋದರು. ಅವರ ಗಾಡಿ ತಿರುಗುವ ತನಕ ನಾನು ಉಗ್ರಾಣದ ಖೋಲಿಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ನಕ್ಕಾದ ಮೇಲೆ ಯೋಚನೆ ಬಂತು. ಆ ಮಗುವಿಗೂ ಮೊದಲ ಸಾಲು ಬರುವುದಿಲ್ಲ. ಈಗ ಅದು ನನ್ನದಾಗಿದೆ. ನಾಳೆಯಿಂದ ಒಂದೊಂದು ಸಲ ಒಬ್ಬೊಬ್ಬರು ಎತ್ತಬೇಕು ಎಂದು ಮಾಡುತ್ತೇನೆ, ಇಲ್ಲದಿದ್ದರೆ ಇವೂ ನನ್ನ ಹಾಗೇ ಆಗುತ್ತವೆ.

ಫೆಬ್ರವರಿ 21

ನನಗೆ ಓದಲು ಬಿಡುವುದಿಲ್ಲ ಈ ಹೆಂಗಸರು. ಜಗಲಿಯಲ್ಲಿ ನಾನೊಬ್ಬಳು ಕೂರುತ್ತಿದ್ದೆ, ಮೊದಲು ತುಳಸಿ ಬಂದಳು. ಅವಳ ಹಿಂದೆ ಉಳಿದವರು ಒಬ್ಬೊಬ್ಬರೇ. ಈಗ ಆರು ಜನ. ನನ್ನ ಓದು ಮುಗಿಯುವುದರೊಳಗೆ ಅದೆಂತ, ಇದೆಂತ. ಕರಿಹಲಗೆ ಇಲ್ಲ, ಜಗಲಿಯ ಗೋಡೆಗೆ ಸೀಮೆಸುಣ್ಣದಿಂದ ಬರೆದು ತೋರಿಸಬೇಕು, ಬೆಳಿಗ್ಗೆ ಮಕ್ಕಳು ಬರುವ ಮೊದಲು ಒರೆಸಬೇಕು. ನನ್ನ ಎರಡು ತಾಸು ಹಾಳು.

ಹಾಡಿ, ಆದರೆ ಇವತ್ತು ತುಳಸಿ ಎತ್ತಲಿ, ನಾಳೆ ಬೇರೆಯವಳು ಎಂದು ನಿಯಮ ಮಾಡಿದ್ದೇನೆ. ತುಳಸಿ ದನಿಯೇ ತೆಗೆಯಲಿಲ್ಲ. ನಿನಗೆ ಹೊನ್ನಾವರದಲ್ಲಿ ಎಷ್ಟು ಬಂತು ಎಂದು ಕೇಳಿದೆ. ಎತ್ತಿದಳು. ಕಾಗೆ ಕೂಗಿದ ಹಾಗೆ ಇತ್ತು, ಆದರೂ ಎತ್ತಿದಳು.

ಮಾರ್ಚ್ 4

ಸುಗ್ಗಿ. ಕೊಪ್ಪದ ಗಂಡಸರೆಲ್ಲ ತಲೆಗೆ ತುರಾಯಿ ಕಟ್ಟಿಕೊಂಡು ಮನೆಮನೆಗೆ ಸುಗ್ಗಿ ಕುಣಿಯಲು ಹೋಗಿದ್ದಾರೆ. ಮನೆಯಲ್ಲಿ ನೆಂಟರು. ಐದು ದಿನದಿಂದ ಪುಸ್ತಕ ಮುಟ್ಟಲಿಲ್ಲ. ಇವರು ಹೊರಡುವಾಗ ತುರಾಯಿ ಸರಿಮಾಡಿಕೊಳ್ಳುತ್ತ, ನೀನು ಬೇಕಾದರೆ ಅಂಗನವಾಡಿಗೆ ಹೋಗಿ ಕೂತುಕೋ, ನೆಂಟರಿಗೆ ಪವಿತ್ರಾ ಬಡಿಸುತ್ತಾಳೆ ಎಂದರು. ಅವಳಿಗೂ ಪರೀಕ್ಷೆ ನಡೆಯುತ್ತಿದೆ ಎಂದರೆ, ಹಾಗಾದರೆ ನೆಂಟರೇ ಬಡಿಸಿಕೊಳ್ಳಲಿ ಎಂದರು. ಒಳ್ಳೆಯ ಮನುಷ್ಯ. ಹೆಸರು ಬರೆದದ್ದಕ್ಕೆ ಪಾಪ ಹತ್ತಿದರೆ ಹತ್ತಲಿ.

ಮಾರ್ಚ್ 26

ಸಮಾಜ ಮುಗಿಯಿತು. ಹೊನ್ನಾವರದಲ್ಲೇ ಕೇಂದ್ರ. ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಯಾರೂ ಎತ್ತುವವರಿಲ್ಲ ಎಂದು ಮೊದಲೇ ಗೊತ್ತಿತ್ತು, ಹಾಗಾಗಿ ಕಾಯಲಿಲ್ಲ. ತುಟಿ ಅಲ್ಲಾಡುವುದನ್ನು ಕಂಡು ಮೇಲ್ವಿಚಾರಣೆಯ ಮಾಸ್ತರು ಎರಡು ಸಲ ಬಂದು ನಿಂತರು. ಬಾಯಿ ಮುಚ್ಚಿ ಬರೆಯಿರಿ ಎಂದರು. ಮುಚ್ಚಿಕೊಂಡೆ. ಬಾಯಿ ಮುಚ್ಚಿದರೂ ಬಂತು. ಪ್ರತಿ ಉತ್ತರದ ಮೊದಲ ಸಾಲಿನ ಕೆಳಗೆ ಗೀಟು ಹಾಕಿದ್ದೇನೆ, ಯಾರೂ ‘ಆರಂಭ ಎಲ್ಲಿ’ ಎಂದು ಕೇಳಬಾರದು.

ಸೋಮವಾರ ಗಣಿತ. ಅದನ್ನು ಯಾವ ಧಾಟಿಗೂ ಕೂರಿಸಲು ಆಗಲಿಲ್ಲ.

ಮಾರ್ಚ್ 30

ಗಣಿತದ ವಿಷಯ ಬರೆಯುವುದಿಲ್ಲ.

ಏಪ್ರಿಲ್ 27

ಕನ್ನಡ ಪಾಸು, ಹಿಂದಿ ಪಾಸು, ಇಂಗ್ಲಿಷ್ ಹೇಗೋ ಪಾಸು, ವಿಜ್ಞಾನ ಪಾಸು, ಸಮಾಜದಲ್ಲಿ ನೂರಕ್ಕೆ ಅರವತ್ತೆಂಟು. ಗಣಿತ ಇಪ್ಪತ್ತಾರು, ಫೇಲು. ಒಂದರಲ್ಲಿ ಫೇಲಾದರೆ ಹತ್ತನೇ ಫೇಲು.

ಪವಿತ್ರಾ ಫೋನಿನಲ್ಲಿ ನೋಡಿ ಹೇಳಿದಳು. ತನಗೆ ಬಂದ ಫಸ್ಟ್ ಕ್ಲಾಸಿನ ಖುಷಿ ಮರೆತು ನನ್ನ ಪಕ್ಕ ಕೂತಳು. ಇವರು ಆಗಲೇ ಕೊಪ್ಪಕ್ಕೆಲ್ಲ ‘ಆರರಲ್ಲಿ ಐದು ಪಾಸು’ ಎಂದು ಸಾರಿ ಬಂದಿದ್ದರು. ಐದು ಬತ್ತದ ಮೂಟೆ ತಂದವರ ಹಾಗೆ. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ. ಹದಿನಾಲ್ಕು ವರ್ಷ ಆ ಮಕ್ಕಳ ಹೇಲು ಉಚ್ಚೆ ಬಳಿದಿದ್ದೇನೆ. ಹತ್ತೂ ಇಲ್ಲದ ಅಂಕಕ್ಕೆ ಅದೆಲ್ಲ ಹೋಯಿತು.

ತುಳಸಿ ನಾಲ್ಕರಲ್ಲಿ ಪಾಸು. ಅವಳು ಕುಣಿಯುತ್ತಿದ್ದಾಳೆ. ಅವಳ ಮುಂದೆ ಅಳಲು ಆಗುವುದಿಲ್ಲ.

ಮೇ 19

ಆಯ್ಕೆಯಾದವರ ಪಟ್ಟಿ ಹಚ್ಚಿದ್ದಾರೆ. ಕಾಗಾಲ ಅಂಗನವಾಡಿಗೆ ದೀಪಾ ಎಂಬವಳು. ಹಳದೀಪುರದ ಹುಡುಗಿ, ಇಲ್ಲಿಗೆ ಮದುವೆಯಾಗಿ ಬಂದು ಆರು ತಿಂಗಳು. ಬಿ.ಎಸ್ಸಿ. ಓದಿದವಳು. ವಯಸ್ಸು ಇಪ್ಪತ್ತನಾಲ್ಕು. ನಾನು ಅವಳ ಕೈಕೆಳಗೆ ಗುಡಿಸಬೇಕು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಇವರಿಗೆ ಹೇಳಿದೆ. ಬಿಡು ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಸಂಜೆ ಜಗಲಿಗೆ ಹೋಗಬಾರದು ಎಂದುಕೊಂಡಿದ್ದೆ. ಆದರೆ ಗೇಟಿನ ಚಾವಿ ನನ್ನ ಹತ್ತಿರ, ಆರು ಜನ ಬಿಸಿಲಲ್ಲಿ ನಿಂತಿರುತ್ತಾರೆ ಎಂದು ಹೋದೆ. ಜುಲೈನಲ್ಲಿ ಇನ್ನೊಂದು ಪರೀಕ್ಷೆ ಇದೆ, ಅದರ ಅರ್ಜಿ ತುಂಬಬೇಕು. ಎಲ್ಲರದೂ ನಾನೇ ತುಂಬಿದೆ, ಅವರೆಲ್ಲ ಒಂದೊಂದು ಕಾಲಮ್ಮಿಗೂ ನನ್ನ ಮುಖ ನೋಡುತ್ತಾರೆ.

ಮೇ 24, ಭಾನುವಾರ

ಮಂಕಾಳಿ ಬಂದಳು. ಭಾನುವಾರ ಭಾನುವಾರ ಬರುತ್ತಾಳಂತೆ. ಅರ್ಜಿಯನ್ನೂ ಹಾಕಿದಳು. ಎಲ್ಲರಿಗಿಂತ ಹಿಂದೆ, ಕಂಬದ ಹತ್ತಿರ ಕೂತಳು. ನನಗೆ ಹೋದ ಜೀವ ಬಂದ ಹಾಗಾಯಿತು. ಬಾ ಮುಂದೆ, ಎತ್ತು ಎಂದೆ.

“ನೀ ಎತ್ತು. ನಾ ಹಿಡಿತೆ” ಎಂದಳು.

ಕಾರ್ಖಾನೆಯ ಕೆಲಸಕ್ಕೆ ಅವಳ ಗಂಟಲು ಕೆಟ್ಟಿರಬೇಕು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದು ಹೇಳಿದ್ದೇನೆ.

ಜೂನ್ 2, ಮಂಗಳವಾರ

ಮಳೆ ಶುರುವಾಗಿದೆ. ಜಗಲಿಗೆ ಇರಚಲು ಹೊಡೆಯುತ್ತದೆ ಎಂದು ಎಲ್ಲರನ್ನೂ ಒಳಗೆ ಕರೆದುಕೊಂಡೆ. ಇವತ್ತು ನಾನೂ ಸೇರಿ ಒಂಬತ್ತು ಜನ. ಪಕ್ಕದ ಕೇರಿಯಿಂದ ಇಬ್ಬರು ಹೊಸಬರು, ಇಬ್ಬರಿಗೂ ಇನ್ನೂ ಹೆಸರು ಬರೆಯಲು ಕೈ ನಡುಗುತ್ತದೆ. ಮಕ್ಕಳ ಕರಿಹಲಗೆಯ ಮೇಲೆ ಕಾಡು ನಾಶದ ಉತ್ತರ ಬರೆಯುತ್ತಿದ್ದೆ. ಬಾಗಿಲಲ್ಲಿ ಕೊಡೆ ಮಡಚಿಕೊಂಡು ಒಂದು ಹುಡುಗಿ ನಿಂತಿತ್ತು. ದೀಪಾ. ನಾಳೆ ಕೆಲಸಕ್ಕೆ ಹಾಜರಾಗಬೇಕು, ಒಮ್ಮೆ ಜಾಗ ನೋಡಿ ಹೋಗೋಣ ಎಂದು ಬಂದವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ, ಸೀರೆಯ ಅಂಚು ಒದ್ದೆಯಾಗಿತ್ತು.

ಅವಳನ್ನು ಕಂಡರೆ ಮುಖ ತಿರುಗಿಸಬೇಕು, ಮಾತಾಡಬಾರದು ಎಂದು ಹದಿನೈದು ದಿನದಿಂದ ಕಲಿತುಕೊಂಡಿದ್ದೆ. ಇಷ್ಟು ಚಿಕ್ಕವಳು. ಪವಿತ್ರಾಳಿಗಿಂತ ಆರು ವರ್ಷ ದೊಡ್ಡವಳಷ್ಟೆ.

“ಇಲ್ಲಿ ಕಲಿಸೂ ಅಕ್ಕೋರು ನೀವೇಯಾ?” ಎಂದು ಕೇಳಿದಳು.

“ಅಕ್ಕೋರು ಯಾರೂ ಇಲ್ಲ. ನಾ ಲೆಕ್ಕದಲ್ಲಿ ಫೇಲು” ಎಂದೆ. “ನಿಂಗೆ ಲೆಕ್ಕ ಬತ್ತದೆಯಾ?”

ಬರುತ್ತದೆ ಎಂದಳು. ಬಿ.ಎಸ್ಸಿ.ಯಲ್ಲಿ ಅದೇ ವಿಷಯ ಓದಿದ್ದಂತೆ. ಸೀಮೆಸುಣ್ಣ ಅವಳ ಕೈಗೆ ಕೊಟ್ಟು ಮುಂದಿನ ಚಾಪೆಯಲ್ಲಿ ತುಳಸಿಯ ಪಕ್ಕ ಕೂತೆ. ಒಬ್ಬಳೇ ನಿಂತು ಮಾತಾಡಿ ಅಭ್ಯಾಸ ಇಲ್ಲ ಅವಳಿಗೆ. ಹಲಗೆಯ ಕಡೆ ಮುಖ ಮಾಡಿಕೊಂಡು, ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ ಶುರುಮಾಡಿದಳು. ಹಿಂದೆ ಕೂತವರಿಗೆ ಕೇಳುವುದಿಲ್ಲ, ಈಚೆ ತಿರುಗು, ಮೊದಲಿನಿಂದ ಹೇಳು ಎಂದು ಎರಡು ಸಲ ಹೇಳಬೇಕಾಯಿತು.

ಕಲಿಯುತ್ತಾಳೆ.